ಹಳೆಯ ಗಣಕಯಂತ್ರ ಮತ್ತು ಅನ್ವಯದೋಷ

ಕನ್ನಡ ಪಂಡಿತನೊಬ್ಬನು ಗಣಕಯಂತ್ರದ ಒಳಾಂಗಗಳನ್ನು ಕುರಿತು ಬರೆಯಹೊರಟಿರುವುದು ವಾಚಕಮಹಾಶಯರಿಗೆ ಸೋಜಿಗವನ್ನುಂಟುಮಾಡಬಹುದು. ವ್ಯಾಕರಣ, ಛಂದಸ್ಸು, ಅಲಂಕಾರಗಳ ಅಧ್ಯಯನ ಅಧ್ಯಾಪನಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೂ ಈ ವಿಷಯ ದೂರದ್ದಾಗಿಯೇ ಇತ್ತು. ಒಂದು ಸಂಕಟದ ಪ್ರಸಂಗವು ಅದನ್ನು ಹತ್ತಿರಕ್ಕೆ ತಂದಿತು. ಆ ಪ್ರಸಂಗದಿಂದ ನಾನು ಕಲಿತುದು ಅಧ್ಯಾಪಕ ಬಂಧುಗಳಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಶಾಲೆಗಳಿಗೆ ಯಂತ್ರಗಳನ್ನು ದಾನವಾಗಿ ನೀಡುವ ಉದಾರಿಗಳಿಗೂ ಪ್ರಯೋಜನಕ್ಕೆ ಬಂದೀತೆಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಕ್ಕಲಿಗರ ಬಾಯಲ್ಲಿ ಉಳಿದಿರುವ ಬೇಸಾಯದ ಪದಗಳನ್ನು ಕಲೆಹಾಕುತ್ತಿದ್ದೆ. ಕೂರಿಗೆ, ಕುಂಟೆ, ರಂಟೆ, ಹಗೇವು ಮೊದಲಾದವುಗಳ ಅಂಗಾಂಗಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಚೀಟಿಗಳಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಿ, ಒಂದು ಹಳೆಯ ಗಣಕಯಂತ್ರದಲ್ಲಿ ನುಡಿ ತಂತ್ರಾಂಶದ ನೆರವಿನಿಂದ ಬೆರಳಚ್ಚು ಮಾಡಿಸಿದ್ದೆ. ಬೆರಳಚ್ಚಾದ ಮೇಲೆ ಚೀಟಿಗಳನ್ನು ಜೋಪಾನ ಮಾಡಲಿಲ್ಲ. ಅರ್ಧದಷ್ಟು ಗೆದ್ದಲಿಗೆ ಆಹುತಿಯಾದವು. ಬೇಸಗೆಯ ರಜೆ ಮುಗಿದು ಬಂದು ಯಂತ್ರದ ಗುಂಡಿಯನ್ನು ಒತ್ತಿದಾಗ, ಮೊದಲು ವಿಂಡೋಸ್ ಎಕ್ಸ್‌ಪಿಯ ಲಾಂಛನವು ಕ್ಷಣಕಾಲ ತೋರಿ, ಮರುಕ್ಷಣವೇ ಪರದೆಯೆಲ್ಲ ನೀಲಿಯಾಯಿತು. ಇಂಗ್ಲಿಷಿನ ಹಲವು ಸಾಲುಗಳು. ಕೊನೆಯಲ್ಲಿ 7ಬಿ ಎಂದು ಮುಗಿಯುವ ಒಂದು ಸಂಕೇತ. ದುರಸ್ತಿಗೆಂದು ಬಂದವರು ನೋಡಿ, "ಹಾರ್ಡ್‌ಡಿಸ್ಕ್ ಹೋಗಿದೆ ಸರ್. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ, ಇದ್ದದ್ದು ಸಿಗುವುದಿಲ್ಲ" ಎಂದರು. ನನ್ನ ಕೈಕಾಲು ಉಡುಗಿಹೋದವು. ಪದಗಳನ್ನು ಹೇಳಿದ ಹಿರಿಯರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು.

ಆ ವಾರವೇ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯಂತ್ರದ ಮೂಲೆಯಲ್ಲಿ ತೋರುತ್ತಿದ್ದ ತಾರೀಖನ್ನು ನೋಡಿದನು. ಅದು ಎಷ್ಟೋ ವರ್ಷಗಳ ಹಿಂದಿನ ಜನವರಿ 1 ಆಗಿತ್ತು. "ಡಿಸ್ಕಿಗೆ ಏನೂ ಆಗಿಲ್ರೀ ಗುರುಗಳ, ಒಳಗಿನ ಸೆಲ್ ಸತ್ತೈತಿ" ಎಂದು ನಕ್ಕು, ಪೆಟ್ಟಿಗೆಯನ್ನು ಬಿಚ್ಚಿ, ನಾಣ್ಯದಂತಿದ್ದ ಒಂದು ಸಣ್ಣ ಸೆಲ್ಲನ್ನು ಬದಲಿಸಿ, ಯಂತ್ರದ ಮೂಲಸೆಟ್ಟಿಂಗಿನಲ್ಲಿ ಒಂದೇ ಒಂದು ಆಯ್ಕೆಯನ್ನು ತಿದ್ದಿದನು. ಯಂತ್ರ ಎಂದಿನಂತೆ ಎದ್ದಿತು. ನನ್ನ ಪದಗಳೆಲ್ಲ ಇದ್ದಲ್ಲಿಯೇ ಇದ್ದವು. ಫಾರ್ಮ್ಯಾಟಿಗೆ ಒಪ್ಪಿಗೆ ಕೊಟ್ಟಿದ್ದರೆ, ಸುಸ್ಥಿತಿಯಲ್ಲಿದ್ದ ವಸ್ತುವನ್ನು ನಾನೇ ಕೈಯಾರೆ ಅಳಿಸಿದಂತಾಗುತ್ತಿತ್ತು.

ಅವನು ಆ ಸಂಜೆ ನನಗೆ ವಿವರಿಸಿದ್ದನ್ನೂ, ಅನಂತರ ನಾನು ಓದಿ ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಪದಾರ್ಥ ವಿವರಣೆ

ಮೊದಲು ಮೂರು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು.

ಗಣಕಯಂತ್ರದಲ್ಲಿ ನಾವು ಬರೆದುದೆಲ್ಲವೂ ಹಾರ್ಡ್‌ಡಿಸ್ಕ್ ಎಂಬ ಸಂಗ್ರಹಸಾಧನದಲ್ಲಿ ಉಳಿಯುತ್ತದೆ. ಆದರೆ ಯಂತ್ರದ ಮಿದುಳಾದ ಪ್ರೊಸೆಸರು ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ಇವೆರಡರ ನಡುವೆ ನಿಂತು, "ಇಂಥ ಸ್ಥಾನದಲ್ಲಿರುವುದನ್ನು ಓದು, ಇಂಥ ಸ್ಥಾನದಲ್ಲಿ ಇದನ್ನು ಬರೆ" ಎಂಬ ಆಜ್ಞೆಗಳನ್ನು ಸಾಗಿಸುವ ವಿದ್ಯುನ್ಮಂಡಲಕ್ಕೆ ಸಂಗ್ರಹ ನಿಯಂತ್ರಕ ಎಂದು ಹೆಸರು. ಗ್ರಂಥಾಲಯದಲ್ಲಿ ಓದುಗನಿಗೂ ಕಪಾಟಿಗೂ ನಡುವೆ ನಿಂತು ಪುಸ್ತಕ ತೆಗೆದುಕೊಡುವವನ ಕೆಲಸ ಇದರದು.

ಎರಡನೆಯದು ಫರ್ಮ್‌ವೇರ್. ಯಂತ್ರದ ಗಟ್ಟಿ ಭಾಗಗಳಿಗೆ ಹಾರ್ಡ್‌ವೇರ್ ಅಥವಾ ಯಂತ್ರಾಂಶವೆಂದೂ, ಬೇಕೆಂದಾಗ ಬದಲಿಸಬಹುದಾದ ಆದೇಶಸಮೂಹಕ್ಕೆ ಸಾಫ್ಟ್‌ವೇರ್ ಅಥವಾ ತಂತ್ರಾಂಶವೆಂದೂ ಹೆಸರಿರುವುದು ಸರ್ವವಿದಿತ. ಇವೆರಡರ ನಡುವಣದನ್ನು ಹೇಳಲು ಆಶರ್ ಓಪ್ಲರ್ ಎಂಬ ಅಮೆರಿಕದ ವಿದ್ವಾಂಸರು 1967ರಲ್ಲಿ ಫರ್ಮ್‌ವೇರ್ ಎಂಬ ಪದವನ್ನು ಟಂಕಿಸಿದರು. ಕಲ್ಲಿನಷ್ಟು ಗಟ್ಟಿಯೂ ಅಲ್ಲದ, ಮೇಣದಷ್ಟು ಮೃದುವೂ ಅಲ್ಲದ ದೃಢವಸ್ತು ಎಂಬುದು ಅದರ ಭಾವ. ಅವರು ಹೇಳಿದ ಅರ್ಥಕ್ಕಿಂತ ಪದದ ವ್ಯಾಪ್ತಿ ಈಗ ಹಿಗ್ಗಿದೆ. ಯಂತ್ರಾಂಶದೊಳಗೆಯೇ ನೆಲೆಗೊಳಿಸಿರುವ ಆದೇಶಗಳಿಗೆಲ್ಲ ಇಂದು ಅದೇ ಹೆಸರು. ಯಂತ್ರವನ್ನು ಎಬ್ಬಿಸುವ ಬಯಾಸ್ ಒಂದು ಫರ್ಮ್‌ವೇರ್. ನಿಯಂತ್ರಕಕ್ಕೆ ಅದರದೇ ಆದ ಫರ್ಮ್‌ವೇರ್ ಇರಬಹುದು. ಹಾರ್ಡ್‌ಡಿಸ್ಕಿನೊಳಗೂ ಬೇರೊಂದು ಫರ್ಮ್‌ವೇರ್ ಇದ್ದೇ ಇರುತ್ತದೆ.

ಮೂರನೆಯದು ಡ್ರೈವರ್, ಅಂದರೆ ಚಾಲಕ ತಂತ್ರಾಂಶ. ವಿಂಡೋಸ್, ಲಿನಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳಿಗೆ ಜಗತ್ತಿನ ಎಲ್ಲ ನಿಯಂತ್ರಕಗಳ ಭಾಷೆಯೂ ಹುಟ್ಟಿನಿಂದ ಬರುವುದಿಲ್ಲ. ಪ್ರತಿಯೊಂದು ಬಗೆಯ ನಿಯಂತ್ರಕಕ್ಕೂ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಚಾಲಕ.

ಇನ್ನು ಮುಖ್ಯ ಪ್ರಮೇಯಕ್ಕೆ ಬರೋಣ. ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳುವ ಒಂದು ಉದಾಹರಣೆಯಿದೆ. "ಅವನು" ಎಂಬುದು ಶುದ್ಧ ಪದ. "ಬಂದಳು" ಎಂಬುದೂ ಶುದ್ಧ ಪದ. "ಅವನು ಬಂದಳು" ಎಂಬುದು ಅಶುದ್ಧ ವಾಕ್ಯ. ದೋಷವಿರುವುದು ಕರ್ತೃಪದದಲ್ಲಿಯೂ ಅಲ್ಲ, ಕ್ರಿಯಾಪದದಲ್ಲಿಯೂ ಅಲ್ಲ, ಅವುಗಳ ಅನ್ವಯದಲ್ಲಿ. ಹಳೆಯ ಗಣಕಯಂತ್ರಗಳು "ಕೆಟ್ಟವು" ಎನ್ನಿಸಿಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ಡಿಸ್ಕು ಶುದ್ಧ, ನಿಯಂತ್ರಕ ಶುದ್ಧ, ಚಾಲಕವೂ ಶುದ್ಧ, ಕೆಟ್ಟಿರುವುದು ಅನ್ವಯ. ಇದನ್ನು ತಿಳಿಯದವನು ಶುದ್ಧಪದವನ್ನು ಹೊಡೆದುಹಾಕುತ್ತಾನೆ. ತಿಳಿದವನು ವಿಭಕ್ತಿಯನ್ನೋ ಲಿಂಗವನ್ನೋ ಸರಿಪಡಿಸಿ ವಾಕ್ಯವನ್ನು ಉಳಿಸುತ್ತಾನೆ.

ವಿಳಾಸದ ಕಥೆ

ಈ ಅನ್ವಯದೋಷಕ್ಕೆ ಅತ್ಯಂತ ಸ್ವಚ್ಛವಾದ ದೃಷ್ಟಾಂತವು ವೈಯಕ್ತಿಕ ಗಣಕಯಂತ್ರದ ಬಾಲ್ಯದಲ್ಲಿಯೇ ದೊರೆಯುತ್ತದೆ. ಐಬಿಎಂ ಸಂಸ್ಥೆಯು 1981ರಲ್ಲಿ ಹೊರತಂದ ಪಿಸಿ ಎಂಬ ಯಂತ್ರವು ಹಾರ್ಡ್‌ಡಿಸ್ಕ್ ಇಲ್ಲದೆ, ಫ್ಲಾಪಿಗಳನ್ನು ನಂಬಿ ಬಂದದ್ದು. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟಿನ ಡಿಸ್ಕು ಬಂದಿತು. ಅದರ ನಿಯಂತ್ರಕವು ಪ್ರತ್ಯೇಕ ಫಲಕವಾಗಿತ್ತು. ಆ ದಶಕದ ಮಧ್ಯಭಾಗದಲ್ಲಿ ನಿಯಂತ್ರಣದ ಬಹುಪಾಲು ಕೆಲಸವನ್ನು ಡಿಸ್ಕಿನ ಮೈಮೇಲೆಯೇ ಕೂರಿಸುವ ಪದ್ಧತಿ ಹುಟ್ಟಿತು. ಇದೇ ಐಡಿಇ. ಇದರ ನಿಯಮಗಳು ಮುಂದೆ 1994ರಲ್ಲಿ ಎಟಿಎ ಎಂಬ ಹೆಸರಿನಿಂದ ಪ್ರಮಾಣೀಕೃತವಾದವು.

ಡಿಸ್ಕಿನ ಮೇಲಿನ ಪ್ರತಿಯೊಂದು ಖಂಡಕ್ಕೂ ಆಗ ಮೂರು ಭಾಗಗಳ ವಿಳಾಸವಿತ್ತು: ಸಿಲಿಂಡರ್, ಹೆಡ್, ಸೆಕ್ಟರ್. ಊರು, ಓಣಿ, ಮನೆ ಎಂದು ತಿಳಿಯಬಹುದು. ಒಂದೊಂದು ಮನೆಯಲ್ಲಿ 512 ಬೈಟುಗಳ ವಾಸ. ಬಯಾಸ್ ತನ್ನ ವಿಳಾಸಪತ್ರದಲ್ಲಿ ಊರಿಗೆ 1024, ಓಣಿಗೆ 256, ಮನೆಗೆ 63 ಎಂಬ ಮಿತಿಗಳನ್ನು ಇಟ್ಟುಕೊಂಡಿತ್ತು. ಎಟಿಎ ಡಿಸ್ಕಿನ ವಿಳಾಸಪತ್ರದಲ್ಲಿ ಊರಿಗೆ 65,536, ಓಣಿಗೆ 16, ಮನೆಗೆ 255 ಎಂದಿತ್ತು. ಬಯಾಸಿನ ಲೆಕ್ಕವೊಂದನ್ನೇ ಹಿಡಿದರೆ ಸುಮಾರು 8.4 ಗಿಗಾಬೈಟಿನ ಡಿಸ್ಕನ್ನು ಆಳಬಹುದು. ಎಟಿಎ ಲೆಕ್ಕವೊಂದನ್ನೇ ಹಿಡಿದರೆ ಸುಮಾರು 137 ಗಿಗಾಬೈಟ್. ಇಬ್ಬರೂ ಸೇರಿ ವ್ಯವಹರಿಸುವಾಗ ಮಾತ್ರ ಪ್ರತಿಯೊಂದು ಅಂಕಣದಲ್ಲಿಯೂ ಇಬ್ಬರಿಗೂ ಸಮ್ಮತವಾದ ಕಿರಿಯ ಸಂಖ್ಯೆಯೇ ನಿಲ್ಲಬೇಕಾಯಿತು: 1024 ಊರು, 16 ಓಣಿ, 63 ಮನೆ. ಗುಣಿಸಿದರೆ ದೊರೆಯುವುದು 52,84,82,304 ಬೈಟುಗಳು, ಅಂದರೆ 528 ಮೆಗಾಬೈಟ್ ಮಾತ್ರ. ಇಬ್ಬರು ಶ್ರೀಮಂತರು ಕೂಡಿ ಬಡತನವನ್ನು ತಂದುಕೊಂಡಂತಾಯಿತು. ಯಾರದೂ ತಪ್ಪಲ್ಲ, ಪರಸ್ಪರ ಆಲೋಚಿಸದೆ ಬೇರೆ ಬೇರೆ ಕಾಲದಲ್ಲಿ ಬರೆದ ಎರಡು ಒಡಂಬಡಿಕೆಗಳು ಒಂದಕ್ಕೊಂದು ಹೊಂದಲಿಲ್ಲ.

1990ರ ದಶಕದಲ್ಲಿ ಬಯಾಸುಗಳು ಒಂದು ಬಗೆಯ ವಿಳಾಸವನ್ನು ಮತ್ತೊಂದಕ್ಕೆ ಅನುವಾದಿಸತೊಡಗಿದವು. ಅನಂತರ ಊರು, ಓಣಿಗಳ ಗೊಡವೆಯನ್ನೇ ಬಿಟ್ಟು, ಎಲ್ಲ ಮನೆಗಳಿಗೂ ಮೊದಲಿನಿಂದ ಕೊನೆಯವರೆಗೆ ಒಂದೇ ಕ್ರಮಸಂಖ್ಯೆಯನ್ನು ಕೊಡುವ ಎಲ್‌ಬಿಎ ಪದ್ಧತಿ ರೂಢಿಗೆ ಬಂದಿತು. ಆ ಕ್ರಮಸಂಖ್ಯೆಗೆ ಮೊದಲು 28 ದ್ವಿಮಾನ ಸ್ಥಾನಗಳಿದ್ದುದರಿಂದ 137 ಗಿಗಾಬೈಟಿನ ಗಡಿ ಏರ್ಪಟ್ಟಿತು. 2002ರ ಎಟಿಎ-6 ಪ್ರಮಾಣವು ಅದನ್ನು 48 ಸ್ಥಾನಗಳಿಗೆ ಹಿಗ್ಗಿಸಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಮೂಲಪ್ರತಿಗೆ ಈ 48 ಸ್ಥಾನಗಳ ಲೆಕ್ಕ ಬಾರದು. 2002ರಲ್ಲಿ ಬಂದ ಸರ್ವಿಸ್ ಪ್ಯಾಕ್ 1 ಎಂಬ ಪರಿಷ್ಕರಣದಿಂದ ಅದು ಬಂದಿತು.

ಇದರಲ್ಲಿ ಅಡಗಿರುವ ಅಪಾಯವನ್ನು ಗಮನಿಸಬೇಕು. ಪುಟಸಂಖ್ಯೆಗೆ ಎರಡೇ ಅಂಕಗಳ ಎಡೆಯಿರುವ ಲೆಕ್ಕದ ಪುಸ್ತಕದಲ್ಲಿ 101ನೆಯ ಪುಟವನ್ನು ಬರೆಯಹೊರಟವನು 01 ಎಂದು ಬರೆದು, ಮೊದಲ ಪುಟದ ಮೇಲೆಯೇ ಹೊಸ ಲೆಕ್ಕವನ್ನು ಗೀಚಿದರೆ ಹೇಗೋ, ಹಾಗೆಯೇ 28 ಸ್ಥಾನಗಳ ಚಾಲಕವು ದೊಡ್ಡ ಡಿಸ್ಕಿನ ಗಡಿಯನ್ನು ದಾಟಿದಾಗ ಡಿಸ್ಕಿನ ಆದಿಭಾಗಕ್ಕೆ ಹಿಂತಿರುಗಿ ಹಳೆಯ ಬರಹದ ಮೇಲೆ ಬರೆಯುವ ಸಂಭವವಿತ್ತು. ಹಳೆಯ ಯಂತ್ರಕ್ಕೆ ದೊಡ್ಡ ಡಿಸ್ಕನ್ನು ಅಳವಡಿಸುವುದು ಎಲ್ಲ ಸಮಯದಲ್ಲಿಯೂ ಉಪಕಾರವಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಇದೇ ಜಾತಿಯ ಮತ್ತೊಂದು ಗಡಿ 2.2 ಟೆರಾಬೈಟಿನದು. 3 ಟೆರಾಬೈಟಿನ ಡಿಸ್ಕನ್ನು ಹಳೆಯ ಚಾಲಕವಿರುವ ಕೆಲವು ಯಂತ್ರಗಳಿಗೆ ಜೋಡಿಸಿದಾಗ ವಿಂಡೋಸ್ ಅದನ್ನು 746 ಗಿಗಾಬೈಟ್ ಎಂದು ತೋರಿಸುತ್ತಿತ್ತು. ಗಡಿಯವರೆಗಿನದನ್ನು ಕಳೆದು ಮಿಕ್ಕ ಶೇಷ ಅದು. ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಿದವರೂ ಇದ್ದಾರು. ಚಾಲಕವನ್ನು ಪರಿಷ್ಕರಿಸುವುದೇ ಅದಕ್ಕೆ ಮದ್ದಾಗಿತ್ತು.

ನೀಲಿ ಪರದೆಯ ಮರ್ಮ

ಈಗ ನನ್ನ ಯಂತ್ರದ ವಿಷಯ. ಐಡಿಇಯ ಅಗಲವಾದ ಪಟ್ಟಿತಂತಿಯ ಸ್ಥಾನದಲ್ಲಿ 2003ರಿಂದೀಚೆಗೆ ಸಾಟಾ ಎಂಬ ಕಿರಿದಾದ ತಂತಿಯ ಪದ್ಧತಿ ಹರಡಿತು. ಅದರ ಸಾಮರ್ಥ್ಯವನ್ನು ಪೂರ್ಣವಾಗಿ ಬಳಸಿಕೊಳ್ಳಲು ಇಂಟೆಲ್ ಸಂಸ್ಥೆ 2004ರಲ್ಲಿ ಎಎಚ್‌ಸಿಐ ಎಂಬ ಹೊಸ ವ್ಯವಹಾರಭಾಷೆಯನ್ನು ಪ್ರಕಟಿಸಿತು. ಹಳೆಯ ಭಾಷೆಯಲ್ಲಿ ಒಂದು ಆಜ್ಞೆ ಮುಗಿದ ಮೇಲೆ ಮತ್ತೊಂದು; ಹೊಸದರಲ್ಲಿ 32 ಆಜ್ಞೆಗಳನ್ನು ಒಟ್ಟಿಗೆ ಸಾಲುಗಟ್ಟಿಸಿ ಕೊಡಬಹುದು, ಡಿಸ್ಕು ತನಗೆ ಅನುಕೂಲವಾದ ಕ್ರಮದಲ್ಲಿ ಅವನ್ನು ಪೂರೈಸುತ್ತದೆ. ಹಳಬರನ್ನು ಕೈಬಿಡಬಾರದೆಂದು ತಯಾರಕರು ಬಯಾಸಿನಲ್ಲಿ ಒಂದು ಆಯ್ಕೆಯನ್ನು ಇಟ್ಟರು. ಅದರಲ್ಲಿ ಐಡಿಇ ಎಂದು ಆರಿಸಿದರೆ ನಿಯಂತ್ರಕವು ಹಳೆಯ ಭಾಷೆಯನ್ನು ಆಡುತ್ತದೆ, ಎಎಚ್‌ಸಿಐ ಎಂದು ಆರಿಸಿದರೆ ಹೊಸದನ್ನು ಆಡುತ್ತದೆ.

ವಿಂಡೋಸ್ ಎಕ್ಸ್‌ಪಿ ಹುಟ್ಟಿದ್ದು ಎಎಚ್‌ಸಿಐಗಿಂತ ಮೂರು ವರ್ಷ ಮೊದಲು. ಆದಕಾರಣ ಅದರ ಜೋಳಿಗೆಯಲ್ಲಿ ಈ ಭಾಷೆಯ ದುಭಾಷಿ ಇರಲಿಲ್ಲ. ನನ್ನ ಯಂತ್ರದಲ್ಲಿ ಎಕ್ಸ್‌ಪಿಯನ್ನು ಸ್ಥಾಪಿಸಿದವರು ಆಯ್ಕೆಯನ್ನು ಐಡಿಇಗೆ ತಿರುಗಿಸಿ ಸ್ಥಾಪಿಸಿದ್ದರು. ಆ ಆಯ್ಕೆಯ ನೆನಪನ್ನು ಕಾಪಾಡುತ್ತಿದ್ದುದು 3 ವೋಲ್ಟಿನ ಆ ಸಣ್ಣ ಸೆಲ್. ಯಂತ್ರಕ್ಕೆ ಗೋಡೆಯ ವಿದ್ಯುತ್ ಸಿಗುತ್ತಿರುವಷ್ಟು ಕಾಲ ಸೆಲ್ಲಿನ ಮೇಲೆ ಹೊರೆ ಬೀಳುವುದಿಲ್ಲ. ರಜೆಯಲ್ಲಿ ಗೋಡೆಯ ಗುಂಡಿಯನ್ನು ಆರಿಸಿ ಹೋದೆವು. ಮೊದಲೇ ಕ್ಷೀಣವಾಗಿದ್ದ ಸೆಲ್ ಪೂರ್ತಿ ಬತ್ತಿತು. ಬಯಾಸ್ ತನ್ನ ನೆನಪನ್ನು ಕಳೆದುಕೊಂಡು, ತಯಾರಕರು ಮೂಲದಲ್ಲಿ ಇಟ್ಟಿದ್ದ ಎಎಚ್‌ಸಿಐ ಆಯ್ಕೆಗೆ ಹಿಂತಿರುಗಿತು. ನಿಯಂತ್ರಕವು ಹೊಸ ಭಾಷೆಯನ್ನಾಡಿತು. ಎಕ್ಸ್‌ಪಿಗೆ ಅದು ಅರ್ಥವಾಗಲಿಲ್ಲ. "ನಾನು ಯಾವ ಡಿಸ್ಕಿನಿಂದ ಎದ್ದು ಬರಬೇಕೋ ಅದನ್ನು ತಲಪಲಾರೆ" ಎಂಬುದೇ ಆ 7ಬಿ ಸಂಕೇತದ ತಾತ್ಪರ್ಯ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಡಿಸ್ಕನ್ನು ಓದಲಾಗದಿದ್ದರೆ ಮೊದಲು ವಿಂಡೋಸಿನ ಲಾಂಛನವಾದರೂ ಪರದೆಯ ಮೇಲೆ ಹೇಗೆ ಮೂಡಿತು? ಅದೂ ಡಿಸ್ಕಿನಿಂದಲೇ ಬರಬೇಕಷ್ಟೆ? ಇದಕ್ಕೆ ಸಮಾಧಾನ ಹೀಗೆ. ಯಂತ್ರ ಏಳುವಾಗ ಡಿಸ್ಕನ್ನು ಓದುವವರು ಇಬ್ಬರು. ಮೊದಲು ಬಯಾಸ್ ತನ್ನ ಸ್ವಂತ ಜ್ಞಾನದಿಂದ ಡಿಸ್ಕನ್ನು ಓದಿ, ಕಾರ್ಯಾಚರಣ ವ್ಯವಸ್ಥೆಯ ಮೂಲಭಾಗವನ್ನು ಸ್ಮೃತಿಗೆ ತಂದುಕೊಡುತ್ತದೆ. ಆಮೇಲೆ ಕಾರ್ಯಾಚರಣ ವ್ಯವಸ್ಥೆಯು "ಇನ್ನು ನಾನೇ ನೋಡಿಕೊಳ್ಳುತ್ತೇನೆ" ಎಂದು ತನ್ನ ಚಾಲಕದ ಮೂಲಕ ಡಿಸ್ಕನ್ನು ಕೈಗೆ ತೆಗೆದುಕೊಳ್ಳುತ್ತದೆ. ಬಯಾಸಿಗೆ ಎರಡು ಭಾಷೆಯೂ ಗೊತ್ತು; ಎಕ್ಸ್‌ಪಿಗೆ ಒಂದೇ ಗೊತ್ತು. ಅಧಿಕಾರ ಹಸ್ತಾಂತರವಾಗುವ ಆ ಗಳಿಗೆಯಲ್ಲಿಯೇ ಮಾತು ಮುರಿಯುತ್ತದೆ. ಇದರಿಂದ ಒಂದು ಉಪಯುಕ್ತವಾದ ಅನುಮಾನಪ್ರಮಾಣ ಸಿದ್ಧಿಸುತ್ತದೆ: ಲಾಂಛನ ತೋರಿ ಅನಂತರ ನೀಲಿ ಪರದೆ ಬಂದರೆ, ಅಲ್ಲಿಯವರೆಗೆ ಡಿಸ್ಕನ್ನು ಓದಲಾಗಿದೆ ಎಂದಾಯಿತು, ಅದು ಸತ್ತಿದೆ ಎಂದು ತೀರ್ಪು ಕೊಡಲು ಆತುರಪಡಬಾರದು. ಜೊತೆಗೆ ತಾರೀಖೂ ತಪ್ಪಿದ್ದರೆ ಮೊದಲ ಸಂಶಯ ಸೆಲ್ಲಿನ ಮೇಲೆ ಹೋಗಬೇಕು.

ಎಕ್ಸ್‌ಪಿಯನ್ನು ಎಎಚ್‌ಸಿಐ ಆಯ್ಕೆಯಲ್ಲಿಯೇ ಸ್ಥಾಪಿಸಬೇಕೆಂದರೆ, ಆರಂಭದಲ್ಲಿ ಎಫ್6 ಕೀಲಿಯನ್ನು ಒತ್ತಿ, ತಯಾರಕರ ಚಾಲಕವನ್ನು ಫ್ಲಾಪಿಯಿಂದ ಉಣಿಸಬೇಕಾಗಿತ್ತು. ಫ್ಲಾಪಿಯೇ ಮಾಯವಾಗುತ್ತಿದ್ದ ಕಾಲದಲ್ಲಿ ಇದು ಎಷ್ಟು ಜನರನ್ನು ಕಾಡಿತೋ ಊಹಿಸಬಹುದು. ಚಾಲಕವನ್ನು ಸ್ಥಾಪನೆಯ ಸಿ.ಡಿ.ಯೊಳಗೇ ಮೊದಲು ಬೆರೆಸಿಡುವುದು ಬಲ್ಲವರು ಕಂಡುಕೊಂಡ ದಾರಿಯಾಗಿತ್ತು. 2007ರ ವಿಂಡೋಸ್ ವಿಸ್ತಾ, 2009ರ ವಿಂಡೋಸ್ 7ಗಳಲ್ಲಿ ಎಎಚ್‌ಸಿಐ ಚಾಲಕವು ಒಳಗೇ ಇತ್ತು. ಆದರೂ ಐಡಿಇ ಆಯ್ಕೆಯಲ್ಲಿ ಸ್ಥಾಪಿಸಿದ್ದರೆ ಆ ಚಾಲಕವು ನಿದ್ರಾವಸ್ಥೆಯಲ್ಲಿರುತ್ತಿತ್ತು. ಮೊದಲು ವಿಂಡೋಸಿನೊಳಗೆ ಅದನ್ನು ಎಬ್ಬಿಸಿ, ಆಮೇಲೆ ಬಯಾಸಿನ ಆಯ್ಕೆಯನ್ನು ಬದಲಿಸಬೇಕು. ಕ್ರಮ ತಪ್ಪಿದರೆ ಅದೇ ನೀಲಿ ಪರದೆ. ಹೀಗೆ ಬದಲಿಸಿ ಕೆಟ್ಟವರು ಆಯ್ಕೆಯನ್ನು ಮೊದಲಿನಂತೆ ಮಾಡಿದರೆ ಯಂತ್ರ ಮತ್ತೆ ಏಳುತ್ತಿತ್ತು ಎಂಬುದೇ ಅನ್ವಯದೋಷಕ್ಕೂ ಪದದೋಷಕ್ಕೂ ಇರುವ ವ್ಯತ್ಯಾಸ.

ಫರ್ಮ್‌ವೇರಿನ ಸ್ವಂತ ದೋಷ

ಎಲ್ಲವನ್ನೂ ಅನ್ವಯದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಕೆಲವೊಮ್ಮೆ ಫರ್ಮ್‌ವೇರಿನಲ್ಲಿಯೇ ಲೇಖನದೋಷವಿರುತ್ತದೆ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯೇ ಬಹಿರಂಗವಾಗಿ ಒಂದು ಎಚ್ಚರಿಕೆಯನ್ನು ಕೊಟ್ಟಿತು. ದೊಡ್ಡ ಸರ್ವರ್ ಯಂತ್ರಗಳಲ್ಲಿ ಬಳಸುವ ಅದರ ಕೆಲವು ಮಾದರಿಯ ಘನಸ್ಥಿತಿ ಡಿಸ್ಕುಗಳು, ಹಳೆಯ ಫರ್ಮ್‌ವೇರ್ ಹಾಗೆಯೇ ಉಳಿದಿದ್ದರೆ, ಒಟ್ಟು 32,768 ಗಂಟೆ ಕೆಲಸ ಮಾಡಿದ ಮೇಲೆ ನಿಂತುಹೋಗುತ್ತವೆ. ಆಮೇಲೆ ಡಿಸ್ಕನ್ನಾಗಲಿ ಅದರೊಳಗಿನ ಬರಹವನ್ನಾಗಲಿ ಹಿಂಪಡೆಯಲಾಗದು ಎಂಬುದು ಅದರ ಸಾರಾಂಶ. ಮೂರು ವರ್ಷ, 270 ದಿನ, 8 ಗಂಟೆಗಳಾಗುವ ಈ ಸಂಖ್ಯೆ ಎರಡನ್ನು ಹದಿನೈದು ಬಾರಿ ಗುಣಿಸಿದಾಗ ಬರುವಂಥದು. ಸಕಾಲದಲ್ಲಿ ಫರ್ಮ್‌ವೇರನ್ನು ಪರಿಷ್ಕರಿಸಿದವರ ಡಿಸ್ಕು ಉಳಿಯಿತು. ಒಂದೇ ದಿನ ಒಟ್ಟಿಗೆ ಕೆಲಸಕ್ಕೆ ಹಚ್ಚಿದ ಡಿಸ್ಕುಗಳು ಒಟ್ಟಿಗೇ ನಿಲ್ಲಬಹುದಾದುದರಿಂದ, ಒಂದಕ್ಕೆ ಒಂದು ಪ್ರತಿಯಾಗಿರಲಿ ಎಂದು ಜೋಡಿಡಿಸ್ಕುಗಳನ್ನು ಇಟ್ಟವರಿಗೂ ರಕ್ಷಣೆ ಇರಲಿಲ್ಲ.

ಡಿಸ್ಕಿನ ಫರ್ಮ್‌ವೇರಿಗೆ ಇನ್ನೊಂದು ಗುಣವಿದೆ. ಅದು ಎಲ್ಲ ಡಿಸ್ಕುಗಳಲ್ಲಿಯೂ ಒಂದೇ ಅಚ್ಚಿನದಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದು ಡಿಸ್ಕಿನ ಓದುಮುಳ್ಳನ್ನೂ ತಟ್ಟೆಯನ್ನೂ ಅಳೆದು, ಆ ಡಿಸ್ಕಿಗೆ ಮಾತ್ರ ಸಲ್ಲುವ ಅಳತೆಗಳನ್ನು ಅದರ ಫಲಕದ ಮೇಲೂ ತಟ್ಟೆಯ ಒಂದು ಗುಪ್ತಭಾಗದಲ್ಲಿಯೂ ಬರೆದಿರುತ್ತಾರೆ. ಆದ್ದರಿಂದ ಇತ್ತೀಚಿನ ಡಿಸ್ಕುಗಳಲ್ಲಿ ಸುಟ್ಟ ಫಲಕವನ್ನು ತೆಗೆದು, ಅದೇ ಮಾದರಿಯ ಬೇರೊಂದು ಡಿಸ್ಕಿನ ಫಲಕವನ್ನು ತೊಡಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ. ಹಲವು ಡಿಸ್ಕುಗಳನ್ನು ಕೂಡಿಸಿ ಒಂದೆಂಬಂತೆ ತೋರಿಸುವ ರೇಡ್ ನಿಯಂತ್ರಕಗಳ ವಿಷಯವೂ ಇದೇ ರೀತಿಯದು. ಯಾವ ಡಿಸ್ಕಿನಲ್ಲಿ ಯಾವ ತುಂಡು ಇದೆ ಎಂಬ ಗುಟ್ಟನ್ನು ಆಯಾ ತಯಾರಕರ ನಿಯಂತ್ರಕವು ತನ್ನದೇ ಲಿಪಿಯಲ್ಲಿ ಬರೆದಿಡುತ್ತದೆ. ನಿಯಂತ್ರಕ ಸುಟ್ಟಾಗ ಬೇರೆ ತಯಾರಕರದನ್ನು ತಂದಿಟ್ಟರೆ, ಡಿಸ್ಕುಗಳೆಲ್ಲ ಚೆನ್ನಾಗಿದ್ದೂ ಅದಕ್ಕೆ ಅವು ಖಾಲಿಯಾಗಿ ತೋರಬಹುದು. ಓಲೆ ಇದೆ, ಅಕ್ಷರವಿದೆ, ಆ ಲಿಪಿಯನ್ನು ಬಲ್ಲವನಿಲ್ಲ ಎಂಬ ಸ್ಥಿತಿ ಅದು. ಆಗ "ಹೊಸದಾಗಿ ಆರಂಭಿಸಲೇ?" ಎಂದು ಯಂತ್ರ ಕೇಳಿದರೆ ಹೂಂ ಎನ್ನಬಾರದು.

ಅನುಷ್ಠಾನಕ್ಕೆ ಕೆಲವು ಸೂತ್ರಗಳು

ಇಷ್ಟರಿಂದ ಹೊರಡುವ ವ್ಯಾವಹಾರಿಕ ಸೂತ್ರಗಳನ್ನು ಅಧ್ಯಾಪಕರ ಅವಗಾಹನೆಗೆ ತರುತ್ತೇನೆ.

ಮೊದಲನೆಯದು: ಪ್ರತಿ ಮಾಡಿಕೊಳ್ಳುವುದು ಮೊದಲು, ಚಿಕಿತ್ಸೆ ಆಮೇಲೆ. ಏಳಲಾರದ ಯಂತ್ರದ ಡಿಸ್ಕನ್ನು ಬಿಚ್ಚಿ, ಐಡಿಇ ಅಥವಾ ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಬೇರೊಂದು ಯಂತ್ರಕ್ಕೆ ಸೇರಿಸಬಹುದು. ಆಗ ಆ ಡಿಸ್ಕಿನಿಂದ ಯಂತ್ರ ಏಳಬೇಕಾಗಿಲ್ಲ, ಬರೆದದ್ದನ್ನು ಓದಿದರೆ ಸಾಕು. ಹಳೆಯ ಚಾಲಕದ ತೊಡಕು ಅಲ್ಲಿಗೇ ಕಳಚಿಬೀಳುತ್ತದೆ. ಅಡಾಪ್ಟರ್ ಇಲ್ಲದಿದ್ದರೆ, ಸ್ಥಾಪಿಸದೆಯೇ ಸಿ.ಡಿ. ಅಥವಾ ಪೆನ್‌ಡ್ರೈವಿನಿಂದ ಎಬ್ಬಿಸಬಹುದಾದ ಲಿನಕ್ಸ್ ನೆರವಾಗುತ್ತದೆ. ಅದರ ಒಡಲಲ್ಲಿಯೇ ಬಹುಭಾಷೆಯ ಚಾಲಕಗಳಿರುತ್ತವೆ. ಈ ನಡುವೆ "ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?" ಎಂದು ಪರದೆ ಕೇಳಿದರೆ ಬೇಡವೆಂದೇ ಉತ್ತರಿಸಬೇಕು. ಡಿಸ್ಕು ಟಕಟಕ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಅದು ಪದದೋಷವೇ. ಪದೇ ಪದೇ ವಿದ್ಯುತ್ ಕೊಡದೆ ಬಲ್ಲವರ ಕೈಗೆ ಒಪ್ಪಿಸತಕ್ಕದ್ದು.

ಎರಡನೆಯದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಯಾಸ್, ನಿಯಂತ್ರಕದ ಫರ್ಮ್‌ವೇರ್, ಚಾಲಕ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತೆಂದು ಯಾರೂ ಹೇಳಲಾರರು. ನಿಯಂತ್ರಕದ ಫರ್ಮ್‌ವೇರಿಗೂ ಚಾಲಕಕ್ಕೂ ಹೊಂದುವ ಆವೃತ್ತಿಗಳನ್ನು ತಯಾರಕರು ಸೂಚಿಸಿದ್ದರೆ ಆ ಜೋಡಿಯನ್ನು ಮುರಿಯಬಾರದು. ಫರ್ಮ್‌ವೇರನ್ನು ಬರೆಯುತ್ತಿರುವಾಗ ವಿದ್ಯುತ್ ಹೋದರೆ ಆ ಸಾಧನವೇ ನಿರುಪಯುಕ್ತವಾದೀತು. ನಮ್ಮ ಕಡೆಯ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುಪಿಎಸ್ ಇಲ್ಲದೆ ಆ ಕಾರ್ಯಕ್ಕೆ ಕೈಹಾಕಬಾರದು.

ಮೂರನೆಯದು: ಬರೆದಿಡಬೇಕು. ಬಯಾಸಿನಲ್ಲಿ ಡಿಸ್ಕಿನ ಆಯ್ಕೆ ಐಡಿಇಯೋ ಎಎಚ್‌ಸಿಐಯೋ ರೇಡೋ ಎಂಬುದನ್ನು, ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನು, ಸೆಲ್ ಬದಲಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದರೆ ಅದು ನೂರು ರೂಪಾಯಿಗೂ ಕಡಿಮೆ ವೆಚ್ಚದ ವಿಮೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸೆಲ್ಲನ್ನು ಅಂಗಡಿಯಲ್ಲಿ ಸಿಆರ್ 2032 ಎಂದು ಕೇಳಿದರೆ ಕೊಡುತ್ತಾರೆ.

ದಾನಿಗಳಲ್ಲಿಯೂ ಒಂದು ಬಿನ್ನಹವಿದೆ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದೇ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಅನ್ನು ಹೊರಲು ಅರ್ಹವಲ್ಲದ ಯಂತ್ರಗಳು ಕಚೇರಿಗಳಿಂದ ಹೊರಬಿದ್ದು, ಅನೇಕವು ಶಾಲೆಗಳಿಗೆ ದಾನವಾಗಿ ಬರುತ್ತವೆ. ಅವುಗಳನ್ನು ಕೊಡುವಾಗ ಜೊತೆಗೆ ಬಂದ ಚಾಲಕಗಳ ಸಿ.ಡಿ.ಯನ್ನೂ ಕೈಪಿಡಿಯನ್ನೂ ಕೊಟ್ಟರೆ ದಾನ ಪೂರ್ಣವಾಗುತ್ತದೆ. ಹಳೆಯ ಸಾಟಾ ಯಂತ್ರಕ್ಕೆ ಹೊಸ ಚೈತನ್ಯ ಕೊಡಬಯಸುವವರು ಮಿತವಾದ ಗಾತ್ರದ ಸಾಟಾ ಘನಸ್ಥಿತಿ ಡಿಸ್ಕನ್ನು ಕೊಡುವುದು ಉತ್ತಮ; ಅದು ಹಳೆಯ ಡಿಸ್ಕಿನ ಭಾಷೆಯನ್ನೇ ಆಡುವುದರಿಂದ ನಿಯಂತ್ರಕವು ಒಪ್ಪಿಕೊಳ್ಳುತ್ತದೆ. ಅಂಗಡಿಯಲ್ಲಿ ಇನ್ನೂ ವೇಗದ್ದೆಂದು ಹೇಳುವ ಎನ್‌ವಿಎಂಇ ಡಿಸ್ಕಿನ ಭಾಷೆ ಬೇರೆ. ಹಳೆಯ ಬಯಾಸಿಗೆ ಅದರಿಂದ ಯಂತ್ರವನ್ನು ಎಬ್ಬಿಸಲು ಬಾರದು. ಬೆಂಬಲ ಮುಗಿದ ವ್ಯವಸ್ಥೆಯಿರುವ ಯಂತ್ರವನ್ನು ಅಂತರ್ಜಾಲದಿಂದ ದೂರವಿಡುವುದು, ಇಲ್ಲವೇ ಅದರಲ್ಲಿ ಲಿನಕ್ಸನ್ನು ಸ್ಥಾಪಿಸುವುದು ಕ್ಷೇಮ.

ಹಳೆಯ ವಿದ್ಯಾರ್ಥಿಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ಅವರು ಊರಿಗೆ ಬಂದಾಗ ತಾವು ಕಲಿತ ಶಾಲೆಯ ಕಚೇರಿಗೊಮ್ಮೆ ಬಂದು, ಮೂಲೆಯಲ್ಲಿ ಧೂಳು ಹಿಡಿದಿರುವ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಒಳಗಿರುವುದನ್ನು ಹೊರತೆಗೆದುಕೊಟ್ಟರೆ ಅದು ದ್ರವ್ಯದಾನಕ್ಕಿಂತ ಹೆಚ್ಚಿನದು. ದಾಖಲಾತಿಯ ಪಟ್ಟಿಗಳು, ಹಳೆಯ ಸಮಾರಂಭಗಳ ಛಾಯಾಚಿತ್ರಗಳು, ನಿವೃತ್ತರಾದ ಅಧ್ಯಾಪಕರು ಬೆರಳಚ್ಚು ಮಾಡಿಸಿದ ಪಾಠಗಳು ಅಲ್ಲಿರಬಹುದು. ಅವುಗಳ ಡಿಸ್ಕುಗಳಲ್ಲಿ ಹಲವು ಇನ್ನೂ ಓದಲು ಬರುವ ಸ್ಥಿತಿಯಲ್ಲಿರುತ್ತವೆ. ಓದುವ ನಿಯಂತ್ರಕಗಳೂ ಚಾಲಕಗಳೂ ಮಾತ್ರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ.

ನನ್ನ ಪದಕೋಶವನ್ನು ಆ ಸಂಜೆಯೇ ಎರಡು ಕಡೆ ಪ್ರತಿ ಮಾಡಿಸಿದೆ. ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಯೂ ಇಟ್ಟಿದ್ದೇನೆ. ಯಂತ್ರದ ಪೆಟ್ಟಿಗೆಯ ಒಳಬದಿಯಲ್ಲಿ ನನ್ನ ಹಸ್ತಾಕ್ಷರದ ಚೀಟಿಯೊಂದು ಈಗಲೂ ಅಂಟಿಕೊಂಡಿದೆ: "ಡಿಸ್ಕಿನ ಆಯ್ಕೆ ಐಡಿಇ. ಬದಲಿಸಕೂಡದು."